ದೊಡ್ಡ ಆರ್ಕಿಟೆಕ್ಚರ್ ಫರ್ಮ್‌ನಲ್ಲಿ ಕೆಲಸ: ಒಳಗಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

400 ಜನರಿದ್ದ ಒಂದು ಆರ್ಕಿಟೆಕ್ಚರ್ ಫರ್ಮ್‌ನಲ್ಲಿ ನಾನು 9 ವರ್ಷ ಇದ್ದೆ. ಈಗ 11 ಜನರ ಆಫೀಸಿನಲ್ಲಿದ್ದೇನೆ. ದೊಡ್ಡ ಫರ್ಮ್‌ಗಳಲ್ಲಿರುವ ಕಿರಿಯರು ಆಗಾಗ ಫೋನ್ ಮಾಡುತ್ತಾರೆ, ಹೆಚ್ಚಾಗಿ ರಾತ್ರಿ ಹತ್ತರ ಮೇಲೆ. ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಒಂದೇ. ಅದದೇ ಉತ್ತರ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನನ್ನ ಹಳೆಯ ಫರ್ಮ್‌ನ ಹೆಸರು ಹೇಳುವುದಿಲ್ಲ. ನೀವು ಅಲ್ಲೇ ಇದ್ದರೆ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ, ಬೇರೆ ಕಡೆ ಇದ್ದರೂ ಹಾಗೇ ಅನಿಸುತ್ತದೆ.

ಐದು ವರ್ಷ ಡಿಸೈನ್ ಓದಿದೆ. ಒಂದೂವರೆ ವರ್ಷದಿಂದ ಬರೀ ಟಾಯ್ಲೆಟ್ ಡ್ರಾಯಿಂಗ್ ಮಾಡುತ್ತಿದ್ದೇನೆ. ಇದೇನಾ ಆರ್ಕಿಟೆಕ್ಚರ್?

ಇದೂ ಆರ್ಕಿಟೆಕ್ಚರೇ. ಆದರೆ ಕಾಲೇಜಿನಲ್ಲಿ ಯಾರೂ ನಿಮಗೆ ಲೆಕ್ಕ ಹೇಳಿರುವುದಿಲ್ಲ. ಒಂದು ಕಟ್ಟಡದ ಫೀಯನ್ನು ಹಂತ ಹಂತಕ್ಕೆ ಹಂಚುವ ಹಳೆಯ ವಾಡಿಕೆಯೊಂದಿದೆ. ಅಮೆರಿಕದ ಆಫೀಸುಗಳಲ್ಲಿ ಬಾಯಿಲೆಕ್ಕವಾಗಿ ಬಳಸುವುದು ಹೀಗೆ: ಮೊದಲ ಕಲ್ಪನೆಗೆ ಸುಮಾರು ಶೇ. 15, ಅದನ್ನು ಬೆಳೆಸುವುದಕ್ಕೆ ಶೇ. 20, ಕಟ್ಟುವವರಿಗೆ ಕೊಡುವ ವಿವರವಾದ ವರ್ಕಿಂಗ್ ಡ್ರಾಯಿಂಗ್‌ಗಳಿಗೆ ಶೇ. 40, ಉಳಿದದ್ದು ಟೆಂಡರಿಗೆ ಮತ್ತು ಸೈಟಿಗೆ. ಕಾಲೇಜಿನಲ್ಲಿ ಅಷ್ಟೂ ವರ್ಷ ನಾವು ಮಾಡುವುದು ಆ ಮೊದಲ 15ರ ಕೆಲಸ. ಆಫೀಸಿಗೆ ಬಂದಾಗ ಆ 15ರ ಸುತ್ತ ನಾಲ್ಕೈದು ಹಿರಿಯರು ಆಗಲೇ ಕೂತಿರುತ್ತಾರೆ. ಜಾಗ ಇರುವುದು 40ರಲ್ಲಿ. ಹಾಗಾಗಿ ಟಾಯ್ಲೆಟ್ಟು, ಮೆಟ್ಟಿಲು, ಫಾಲ್ಸ್ ಸೀಲಿಂಗು.

ನನಗೆ ಸಿಕ್ಕಿದ್ದು ಬಾಗಿಲು. ಒಂದು ಆಸ್ಪತ್ರೆ, 412 ಬಾಗಿಲು, ಏಳು ತಿಂಗಳು. ಡೋರ್ ಶೆಡ್ಯೂಲ್ ನೋಡದವರಿಗೆ ಹೇಳುತ್ತೇನೆ: ಒಂದೊಂದು ಬಾಗಿಲಿಗೆ ಒಂದೊಂದು ಸಾಲು. ಅಗಲ, ಎತ್ತರ, ಚೌಕಟ್ಟು, ಎಷ್ಟು ಹೊತ್ತು ಬೆಂಕಿ ತಡೆಯಬೇಕು, ಯಾವ ಹಿಂಜು, ಯಾವ ಬೀಗ, ತಾನೇ ಮುಚ್ಚಿಕೊಳ್ಳಲು ಕ್ಲೋಸರ್ ಇದೆಯೋ ಇಲ್ಲವೋ, ಗಾಜಿನ ಕಿಂಡಿ ಎಷ್ಟು ಎತ್ತರದಲ್ಲಿ, ಯಾವ ಕಡೆಗೆ ತೆರೆಯುತ್ತದೆ. ಒಟ್ಟು 23 ಕಾಲಂ. ಮೂರು ತಿಂಗಳು ಕಣ್ಣೀರು ಬರುವಷ್ಟು ಬೇಜಾರು. ನಾಲ್ಕನೇ ತಿಂಗಳು ಒಂದು ಸಾಲು ಕಣ್ಣಿಗೆ ಬಿತ್ತು. ರೋಗಿಗಳ ಬಚ್ಚಲುಮನೆಯ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ರೋಗಿ ಒಳಗೆ ಬಿದ್ದು ಬಾಗಿಲಿಗೆ ಅಡ್ಡ ಮಲಗಿಬಿಟ್ಟರೆ ಹೊರಗಿನಿಂದ ನರ್ಸ್ ಹೇಗೆ ತಳ್ಳುತ್ತಾರೆ? ಅಂಥ 64 ಬಾಗಿಲು ಇದ್ದವು. ಎಲ್ಲವನ್ನೂ ಹೊರಕ್ಕೆ ತಿರುಗಿಸಿದೆವು. ಕಾರಿಡಾರಿಗೆ ಅಡ್ಡ ಬರುವ ಕಡೆ ಜಾರುಬಾಗಿಲು ಹಾಕಿದೆವು. ಆ ಕಟ್ಟಡದಲ್ಲಿ ನಾನು ಮಾಡಿದ ನಿಜವಾದ ಡಿಸೈನ್ ಅಂದರೆ ಅದೇ.

ಇಷ್ಟು ಹೇಳಿ ನಿಲ್ಲಿಸಿದರೆ ಚೆಂದದ ಕತೆ. ಮುಂದೆ ಏನಾಯಿತು ಅಂದರೆ, ಮ್ಯಾನೇಜರ್ 'ಗುಡ್ ಕ್ಯಾಚ್' ಅಂದರು. ಮುಂದಿನ ಪ್ರಾಜೆಕ್ಟಿನಲ್ಲೂ ಬಾಗಿಲೇ ಕೊಟ್ಟರು, ಅದರ ಮುಂದಿನದರಲ್ಲೂ ಅದೇ. ದೊಡ್ಡ ಫರ್ಮ್‌ನ ನಿಜವಾದ ತೊಂದರೆ ಟಾಯ್ಲೆಟ್ ಡ್ರಾಯಿಂಗ್ ಅಲ್ಲ. ನೀವು ಅದನ್ನು ಚೆನ್ನಾಗಿ ಮಾಡಿದರೆ ಅದೇ ನಿಮ್ಮ ಕೊರಳಿಗೆ ಬೀಳುತ್ತದೆ, ಅದು ತೊಂದರೆ. 'ನನಗೆ ಡಿಸೈನ್ ಕೊಡಿ' ಅಂತ ಕೇಳಬೇಡಿ, ಎಲ್ಲರೂ ಅದನ್ನೇ ಕೇಳುತ್ತಾರೆ. 'ಈ ಡ್ರಾಯಿಂಗ್ ಸೆಟ್ ಹೋದ ಮೇಲೆ ನನ್ನನ್ನು ಫಸಾಡ್ (ಕಟ್ಟಡದ ಹೊರಮುಖ) ತಂಡಕ್ಕೆ ಹಾಕಿ, ಯಾವ ತಿಂಗಳು ಅಂತ ಹೇಳಿ' ಅಂತ ಕೇಳಿ. ಮಾತಾಡಿದ ಮೇಲೆ ಅದನ್ನೇ ಮೇಲ್‌ನಲ್ಲಿ ಬರೆದು ಕಳಿಸಿ.

ವಾರಕ್ಕೆ ಮೂರು ದಿನ ರಾತ್ರಿ ಹನ್ನೊಂದಾಗುತ್ತದೆ. ನಾನೇ ನಿಧಾನವಾ?

ಇರಬಹುದು, ಹೊಸಬರು ಎಲ್ಲರೂ ನಿಧಾನವೇ. ಆದರೆ ಇಡೀ ಫ್ಲೋರು ಹನ್ನೊಂದಕ್ಕೆ ದೀಪ ಹಾಕಿಕೊಂಡು ಕೂತಿದ್ದರೆ ಎಲ್ಲರೂ ನಿಧಾನ ಇರಲಾರರು.

ಕಾರಣ ಒಪ್ಪಂದದಲ್ಲಿದೆ. ಫೀ ನಿಗದಿಯಾಗಿರುತ್ತದೆ, ಬದಲಾವಣೆಗೆ ಮಿತಿ ಇರುವುದಿಲ್ಲ. ಲೆಕ್ಕಕ್ಕೆ ಅಂತ ಒಂದು ಹಂತಕ್ಕೆ 1,000 ಗಂಟೆ ಕೆಲಸದ ದುಡ್ಡು ಬಂದಿದೆ ಅಂದುಕೊಳ್ಳಿ. ಕ್ಲೈಂಟ್ ಲಾಬಿಯನ್ನು ಮೂರನೇ ಸಲ ಬದಲಿಸಿದರು. ಲಾಬಿ ಬದಲಾದರೆ ಮೇಲಿನ ಕಂಬ ಸರಿಯುತ್ತದೆ, ಕಂಬ ಸರಿದರೆ ಕೆಳಗಿನ ಪಾರ್ಕಿಂಗ್ ಕೆಡುತ್ತದೆ. ಕೆಲಸ 1,400 ಗಂಟೆ ಆಯಿತು. ಆ 400 ಗಂಟೆ ಯಾರ ಜೇಬಿನಿಂದ ಹೋಗುತ್ತದೆ? ಹೆಚ್ಚುವರಿ ಕೆಲಸಕ್ಕೆ ಬೇರೆ ಬಿಲ್ ಕಳಿಸಬಹುದು ಅಂತ ಒಪ್ಪಂದದಲ್ಲಿ ಸಾಮಾನ್ಯವಾಗಿ ಬರೆದೇ ಇರುತ್ತದೆ. ಆದರೆ ಬಿಲ್ ಕಳಿಸಿದರೆ ಕ್ಲೈಂಟಿಗೆ ಕೋಪ ಬರುತ್ತದೆ, ಮುಂದಿನ ಪ್ರಾಜೆಕ್ಟ್ ಬೇರೆಯವರಿಗೆ ಹೋಗುತ್ತದೆ ಅನ್ನುವ ಭಯ. ಮೇಲಿನವರಿಗೆ ಕ್ಲೈಂಟಿಗೆ ಒಂದು ಅಹಿತವಾದ ಫೋನ್ ಮಾಡುವುದಕ್ಕಿಂತ ನಿಮಗೆ 'ಇವತ್ತು ಸ್ವಲ್ಪ ಲೇಟಾಗಬಹುದು' ಅನ್ನುವುದು ಸುಲಭ. ಅಷ್ಟೇ ವಿಷಯ. ನನ್ನ ಒಂಬತ್ತು ವರ್ಷದಲ್ಲಿ ನೋಡಿದ ರಾತ್ರಿಪಾಳಿಗಳಲ್ಲಿ ಮುಕ್ಕಾಲು ಪಾಲು ಮಾಡದೇ ಉಳಿದ ಆ ಫೋನಿನಿಂದಲೇ ಬಂದದ್ದು.

ಇದಕ್ಕೆ ಒಂದು ಪರಂಪರೆಯ ಬಣ್ಣವೂ ಇದೆ. 'ಷರೆಟ್' ಅನ್ನುವ ಪದ ಕೇಳಿರುತ್ತೀರಿ. ಫ್ರೆಂಚ್‌ನಲ್ಲಿ ಅದರರ್ಥ ತಳ್ಳುಗಾಡಿ. 19ನೇ ಶತಮಾನದ ಪ್ಯಾರಿಸ್‌ನ ಕಲಾಶಾಲೆ ಎಕೋಲ್ ದೆ ಬೋಜಾರ್‌ನಲ್ಲಿ ಡ್ರಾಯಿಂಗ್ ಸಂಗ್ರಹಿಸಲು ಗಾಡಿ ಬರುತ್ತಿತ್ತು. ಹುಡುಗರು ಗಾಡಿಯ ಜೊತೆಗೇ ಹೋಗುತ್ತಾ ಕೊನೆಯ ಗೆರೆ ಎಳೆಯುತ್ತಿದ್ದರು ಅಂತ ಕತೆ. ನಮ್ಮ ವೃತ್ತಿ ಡೆಡ್‌ಲೈನಿನ ಗಾಬರಿಗೆ ಚೆಂದದ ಹೆಸರಿಟ್ಟು ಹೆಮ್ಮೆಪಡುತ್ತದೆ. ಆ ಹುಡುಗರು ತಮ್ಮದೇ ಡ್ರಾಯಿಂಗಿಗೆ ನಿದ್ದೆ ಕೆಟ್ಟರು, ಅದನ್ನು ಮಾತ್ರ ಯಾರೂ ನೆನಪಿಸುವುದಿಲ್ಲ.

ಎಷ್ಟು ಹೊತ್ತು ಕೂತರೂ ಟೈಮ್‌ಶೀಟ್‌ನಲ್ಲಿ ಎಂಟೇ ಗಂಟೆ ಬರೆಯಿರಿ ಅನ್ನುತ್ತಾರೆ. ಬರೆಯಬೇಕಾ?

ಬೇಡ. ಇದೊಂದು ವಿಷಯದಲ್ಲಿ ನಾನು ಹಠಮಾರಿ.

ಟೈಮ್‌ಶೀಟ್ ಬರೀ ಸಂಬಳದ ಕಾಗದ ಅಲ್ಲ. ಮುಂದಿನ ಆಸ್ಪತ್ರೆಗೆ ಫೀ ಎಷ್ಟು ಕೇಳಬೇಕು ಅಂತ ಕೂತು ಲೆಕ್ಕ ಹಾಕುವವರು ತೆಗೆದು ನೋಡುವುದು ಹಿಂದಿನ ಆಸ್ಪತ್ರೆಯ ಟೈಮ್‌ಶೀಟನ್ನೇ. 1,400 ಗಂಟೆ ಹಿಡಿದ ಕೆಲಸ ಅದರಲ್ಲಿ 1,000 ಅಂತ ಕಂಡರೆ ಅವರು ಮತ್ತೆ 1,000ಕ್ಕೇ ಫೀ ಕೇಳುತ್ತಾರೆ. ಬಿಟ್ಟುಹೋದ 400 ಮತ್ತೆ ನಿಮ್ಮ ರಾತ್ರಿಗಳ ಮೇಲೇ ಬಂದು ಕೂರುತ್ತದೆ. ಎಂಟು ಬರೆಯಿರಿ ಅನ್ನುವ ಮ್ಯಾನೇಜರ್‌ಗೆ ಫರ್ಮ್ ಉಳಿಸುವ ಚಿಂತೆ ಇರುವುದಿಲ್ಲ. ತನ್ನ ಪ್ರಾಜೆಕ್ಟ್ ಬಜೆಟ್ ಮೀರಿಲ್ಲ ಅಂತ ತೋರಿಸಿಕೊಳ್ಳಬೇಕಿರುತ್ತದೆ.

ಹೇಳುವುದು ಸುಲಭ, ಗೊತ್ತು. ನಾನೂ ಮೊದಲ ಎರಡು ವರ್ಷ ಎಂಟೇ ಬರೆದೆ. ಎದುರು ಮಾತಾಡಲು ಆಗದಿದ್ದರೆ ಒಂದು ಸಣ್ಣ ಡೈರಿಯಲ್ಲಾದರೂ ನಿಜವಾದ ಗಂಟೆ ಬರೆದಿಡಿ. ದಿನಾಂಕ, ಬಂದ ಹೊತ್ತು, ಹೋದ ಹೊತ್ತು, ಯಾರು ಕೂರಲು ಹೇಳಿದರು. ಆ ಡೈರಿ ನನಗೆ ಸಂಬಳದ ಮಾತಿನಲ್ಲಿ ಎರಡು ಸಲ ಕೆಲಸಕ್ಕೆ ಬಂತು.

ನನ್ನ ಒಂದು ಗಂಟೆಗೆ ಕ್ಲೈಂಟಿನಿಂದ ತೆಗೆದುಕೊಳ್ಳುವುದು ನನಗೆ ಕೊಡುವುದರ ಮೂರರಷ್ಟು. ಇದು ಮೋಸ ಅಲ್ವಾ?

ಮೂರು ಪಟ್ಟು ಅನ್ನುವುದು ಈ ಧಂದೆಯ ಹಳೆಯ ಬಾಯಿಲೆಕ್ಕ. ಒಂದು ಪಾಲು ನಿಮ್ಮ ಸಂಬಳ. ಇನ್ನೊಂದು ಪಾಲು ಬಾಡಿಗೆ, ಸಾಫ್ಟ್‌ವೇರ್, ವಿಮೆ, ಬಿಲ್ ಮಾಡಲಾಗದ ಅಕೌಂಟ್ಸ್‌ನವರ ಸಂಬಳ, ಗೆಲ್ಲದ ಕಾಂಪಿಟಿಷನ್ನುಗಳ ಖರ್ಚು. ಉಳಿದದ್ದರಲ್ಲಿ ಲಾಭ. ನಾನು ಈಗಿರುವ ಸಣ್ಣ ಆಫೀಸಿನ ಲೆಕ್ಕಪತ್ರ ನೋಡಿದ ಮೇಲೆ ಇದರ ಬಗ್ಗೆ ನನ್ನ ಸಿಟ್ಟು ಇಳಿದಿದೆ.

ಆದರೆ ಈ ಲೆಕ್ಕ ನ್ಯಾಯವಾಗಿರುವುದು ನಿಮ್ಮ ಎಂಟು ಗಂಟೆಗೆ ಮಾತ್ರ. ಗಂಟೆ ಲೆಕ್ಕದ ಒಪ್ಪಂದ ಇದ್ದು, ಒಂಬತ್ತನೇ ಗಂಟೆಗೆ ಕ್ಲೈಂಟಿಗೆ ಬಿಲ್ ಹೋಗಿ ನಿಮಗೆ ಏನೂ ಬರದಿದ್ದರೆ, ಆಗ ನಿಮ್ಮ ಪ್ರಶ್ನೆ ಸರಿಯಾಗಿದೆ.

ಸಂಬಳ ಯಾಕಿಷ್ಟು ಕಡಿಮೆ? ಜೊತೆಗೆ ಓದಿದ ಎಂಜಿನಿಯರ್‌ಗಳು ಎಲ್ಲೋ ಹೋದರು.

ನಾವು ಒಬ್ಬರಿಗೊಬ್ಬರು ಪೈಪೋಟಿ ಮೇಲೆ ಫೀ ಇಳಿಸುತ್ತೇವೆ. ಹಿಂದೆ ವೃತ್ತಿ ಸಂಸ್ಥೆಗಳು ಇದಕ್ಕಿಂತ ಕಡಿಮೆ ಕೇಳಬೇಡಿ ಅಂತ ಸದಸ್ಯರಿಗೆ ಕಟ್ಟು ಹಾಕುತ್ತಿದ್ದವು. ಅಮೆರಿಕದಲ್ಲಿ ಅಲ್ಲಿನ ನ್ಯಾಯ ಇಲಾಖೆ ಇದು ಪೈಪೋಟಿಗೆ ಅಡ್ಡಿ ಅಂತ ಆರ್ಕಿಟೆಕ್ಟರ ಸಂಸ್ಥೆಯಾದ ಎಐಎ ಮೇಲೆ ಕ್ರಮ ತೆಗೆದುಕೊಂಡಿತು. 1972ರಲ್ಲಿ ಒಂದು ಸಲ, 1990ರಲ್ಲಿ ಇನ್ನೊಂದು ಸಲ ಸಂಸ್ಥೆ ರಾಜಿಗೆ ಸಹಿ ಹಾಕಬೇಕಾಯಿತು. ಅಂದಿನಿಂದ ಅಲ್ಲಿ 'ಫೀ ಇಷ್ಟಿರಲಿ' ಅಂತ ಒಟ್ಟಾಗಿ ಮಾತಾಡಿಕೊಳ್ಳುವುದಕ್ಕೂ ಜನ ಹೆದರುತ್ತಾರೆ.

ಇನ್ನೊಂದು ಕಾರಣ ನಮ್ಮೊಳಗೇ ಇದೆ. ಈ ಕೆಲಸವನ್ನು ಪ್ರೀತಿಗೆ ಮಾಡುತ್ತೇವೆ ಅಂತ ನಾವೇ ಹೇಳಿಕೊಂಡು ತಿರುಗುತ್ತೇವೆ. ಕೇಳಿಸಿಕೊಂಡವರು ಅದಕ್ಕೆ ತಕ್ಕ ಸಂಬಳ ಕೊಡುತ್ತಾರೆ.

ಇಂಟರ್ನ್‌ಗಳಿಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಕೇಳಿದರೆ ದೋಶಿಯವರ ಕತೆ ಹೇಳುತ್ತಾರೆ.

ನಮ್ಮ ಆರ್ಕಿಟೆಕ್ಟ್ ಬಾಲಕೃಷ್ಣ ದೋಶಿ 1951ರಲ್ಲಿ ಪ್ಯಾರಿಸ್‌ಗೆ ಹೋಗಿ, ಚಂಡೀಗಢ ರೂಪಿಸಿದ ಆರ್ಕಿಟೆಕ್ಟ್ ಲೆ ಕಾರ್ಬೂಸಿಯೆ ಬಳಿ ಸೇರಿದರು. ಮೊದಲ ಎಂಟು ತಿಂಗಳು ಸಂಬಳವಿಲ್ಲ. 2018ರಲ್ಲಿ ಆರ್ಕಿಟೆಕ್ಚರಿನ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಈ ಎರಡು ವಾಕ್ಯಗಳ ನಡುವಿನ 67 ವರ್ಷವನ್ನು ನುಂಗಿ ಕತೆ ಹೇಳುತ್ತಾರೆ, ಬಿಟ್ಟಿ ದುಡಿದರೆ ಪ್ರಶಸ್ತಿ ಬರುತ್ತದೆ ಅನ್ನುವ ಹಾಗೆ. ದೋಶಿ ಕೂತಿದ್ದು ಚಂಡೀಗಢ ರೂಪುಗೊಳ್ಳುತ್ತಿದ್ದ ಟೇಬಲ್ಲಿನಲ್ಲಿ. ನಿಮ್ಮ ಇಂಟರ್ನ್ ಕೂರುವುದು ಡ್ರಾಯಿಂಗ್ ಪ್ರಿಂಟ್ ಮಾಡುವ ಪ್ಲಾಟರ್ ಪಕ್ಕದಲ್ಲಿ.

ಇನ್ನೂ ಹಿಂದಕ್ಕೆ ಹೋದರೆ ಅಮೆರಿಕದ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ ಇದ್ದಾರೆ. 1932ರಲ್ಲಿ ತಮ್ಮ ಮನೆ ತಾಲೀಸಿನ್‌ನಲ್ಲಿ ಶುರುಮಾಡಿದ ಫೆಲೋಶಿಪ್‌ಗೆ ಶಿಷ್ಯರೇ ದುಡ್ಡು ಕಟ್ಟಿ ಬರಬೇಕಿತ್ತು. ಡ್ರಾಯಿಂಗ್ ಬಿಡಿ, ಹೊಲದ ಕೆಲಸ, ಅಡುಗೆ, ಕಟ್ಟಡ ರಿಪೇರಿ ಎಲ್ಲವನ್ನೂ ಅವರೇ ಮಾಡಿದರು. ಅಂದರೆ ಇದು ಹೊಸ ರೋಗವಲ್ಲ.

ಮದ್ದೂ ಇಲ್ಲದೇ ಇಲ್ಲ. ಬ್ರಿಟನ್ನಿನ ಆರ್ಕಿಟೆಕ್ಟರ ಸಂಸ್ಥೆ ಆರ್‌ಐಬಿಎ 2011ರಲ್ಲಿ ತನ್ನ ಮಾನ್ಯತೆ ಬೇಕಾದ ಆಫೀಸುಗಳು ವಿದ್ಯಾರ್ಥಿಗಳಿಗೆ ಕನಿಷ್ಠ ವೇತನವನ್ನಾದರೂ ಕೊಡಬೇಕು ಅಂತ ನಿಯಮ ಮಾಡಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಪ್ರಾಜೆಕ್ಟಿಗೆ ಪ್ರಶಸ್ತಿ ಬಂತು. ನನ್ನ ಹೆಸರು ಎಲ್ಲೂ ಇಲ್ಲ.

ಇದು ಹೊಟ್ಟೆಯಲ್ಲಿ ಉರಿಯುವ ಥರದ ನೋವು. ಸಂಬಳದ ಸಿಟ್ಟು ತಿಂಗಳ ಕೊನೆಗೆ ಬಂದು ಹೋಗುತ್ತದೆ, ಇದು ಹೋಗುವುದಿಲ್ಲ.

1991ರ ಪ್ರಿಟ್ಜ್‌ಕರ್ ಅಮೆರಿಕದ ಆರ್ಕಿಟೆಕ್ಟ್ ರಾಬರ್ಟ್ ವೆಂಚುರಿಗೆ ಬಂತು. ಡೆನಿಸ್ ಸ್ಕಾಟ್ ಬ್ರೌನ್ ಅವರ ಹೆಂಡತಿ ಮಾತ್ರವಲ್ಲ, ಫರ್ಮ್‌ನ ಪಾಲುದಾರರು, ಜೊತೆಗೇ ಬರೆದವರು, ಜೊತೆಗೇ ಡಿಸೈನ್ ಮಾಡಿದವರು. ಅವರ ಹೆಸರು ಪ್ರಶಸ್ತಿಯಲ್ಲಿ ಇರಲಿಲ್ಲ. 2013ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿನಿಯರು ಸಹಿ ಸಂಗ್ರಹಿಸಿ ತಿದ್ದಿ ಅಂತ ಕೇಳಿದರು. ಸಮಿತಿ ಒಪ್ಪಲಿಲ್ಲ. 2016ರಲ್ಲಿ ಎಐಎ ಚಿನ್ನದ ಪದಕ ಇಬ್ಬರಿಗೂ ಒಟ್ಟಿಗೆ ಕೊಟ್ಟಿತು. ಪಾಲುದಾರರಾಗಿದ್ದವರ ಪಾಡೇ ಹೀಗಾದರೆ ಏಳನೇ ಮಹಡಿಯ ಮೂಲೆಯಲ್ಲಿ ಕೂತ ನಮ್ಮದೇನು? ರೈಟ್ ಅವರ ಹೆಸರನ್ನು ಯುರೋಪಿಗೆ ಮುಟ್ಟಿಸಿದ 1910ರ ಜರ್ಮನ್ ಸಂಪುಟದ ಚೆಂದದ ಡ್ರಾಯಿಂಗ್‌ಗಳಲ್ಲಿ ಹಲವು ಮೇರಿಯನ್ ಮಹೋನಿಯ ಕೈಯವು. ಅವರ ಹೆಸರು ಗೊತ್ತಿರುವವರು ಎಷ್ಟು ಜನ?

ಇನ್ನು ನಿಮ್ಮ ವಿಷಯ. ಡ್ರಾಯಿಂಗ್ ಶೀಟಿನ ಮೂಲೆಯ ಟೈಟಲ್ ಬ್ಲಾಕ್‌ನಲ್ಲಿ 'ಬರೆದವರು' ಅನ್ನುವ ಜಾಗದಲ್ಲಿ ನಿಮ್ಮ ಇನಿಷಿಯಲ್ ಇದೆಯಾ ನೋಡಿಕೊಳ್ಳಿ. ಸುಮ್ನೆ ಬಿಡಬೇಡಿ. ಪ್ರಾಜೆಕ್ಟ್ ಮುಗಿದ ವಾರವೇ ಮ್ಯಾನೇಜರ್‌ಗೆ ಎರಡು ಸಾಲಿನ ಮೇಲ್ ಹಾಕಿ: ನಾನು ಈ ಈ ಕೆಲಸ ಮಾಡಿದೆ, ಪೋರ್ಟ್‌ಫೋಲಿಯೋದಲ್ಲಿ ಇಷ್ಟು ಶೀಟ್ ಬಳಸಬಹುದೇ? ಆಗ ಎಲ್ಲರೂ ಖುಷಿಯಲ್ಲಿರುತ್ತಾರೆ, ಸರಿ ಅನ್ನುತ್ತಾರೆ. ಮೂರು ವರ್ಷ ಬಿಟ್ಟು, ರಾಜೀನಾಮೆ ಕೊಟ್ಟ ದಿನ ಕೇಳಿದರೆ ಲೀಗಲ್‌ನವರನ್ನು ಕೇಳಿ ಅನ್ನುತ್ತಾರೆ. ಪೋರ್ಟ್‌ಫೋಲಿಯೋದಲ್ಲಿ ಫರ್ಮ್‌ನ ಹೆಸರು ಹಾಕಿ, ನಿಮ್ಮ ಪಾಲು ಏನು ಅಂತ ನಿಜ ಬರೆಯಿರಿ. ನಾನು ಈಗ ಜನರನ್ನು ಆರಿಸುವ ಕಡೆ ಕೂತಿದ್ದೇನೆ. '64 ಬಾಗಿಲು ತಿರುಗಿಸಿದೆ' ಅನ್ನುವವರನ್ನು ನಂಬುತ್ತೇನೆ. 'ಈ ಏರ್‌ಪೋರ್ಟ್ ಡಿಸೈನ್ ಮಾಡಿದೆ' ಅನ್ನುವ 25 ವರ್ಷದವರನ್ನು ನಂಬುವುದಿಲ್ಲ.

ಮಾಡೆಲ್ ತೆರೆಯಲು 20 ನಿಮಿಷ, ಸಿಂಕ್ ಮಾಡಲು ಇನ್ನೊಂದು 20. ತಲೆ ಕೆಡುತ್ತದೆ.

ಸಿಂಕ್ ಅಂದರೆ ನಮ್ಮ ಬದಲಾವಣೆಗಳನ್ನು ಎಲ್ಲರೂ ಹಂಚಿಕೊಂಡ ಮಾಡೆಲ್ಲಿಗೆ ಸೇರಿಸುವುದು. ಆ ಮಾಡೆಲ್ ಮಾಡುವ ಸಾಫ್ಟ್‌ವೇರ್ ರೆವಿಟ್, ಅದರ ಬಗ್ಗೆ ಬೈಯದ ಆರ್ಕಿಟೆಕ್ಟ್ ಇಲ್ಲ. ಆಟೋಡೆಸ್ಕ್ ಕಂಪನಿ ಅದನ್ನು ಕೊಂಡಿದ್ದು 2002ರಲ್ಲಿ. 2020ರಲ್ಲಿ ಬ್ರಿಟನ್ನಿನ ಹಲವು ಹೆಸರಾಂತ ಫರ್ಮ್‌ಗಳು ಸೇರಿ ಬಹಿರಂಗ ಪತ್ರ ಬರೆದವು: ಬೆಲೆ ಏರುತ್ತಲೇ ಇದೆ, ಸಾಫ್ಟ್‌ವೇರ್ ಮಾತ್ರ ನಿಂತಲ್ಲೇ ನಿಂತಿದೆ ಅಂತ. ಮಾಲೀಕರೇ ಹಾಗೆ ಬರೆದ ಮೇಲೆ ನೌಕರರ ಗೋಳು ಕೇಳಬೇಕಾ.

ಒಂದು ರಾತ್ರಿಯ ಕತೆ ಹೇಳುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಸೆಟ್ ಹೋಗಬೇಕು. ಆರು ಜನ ಒಂದೇ ಮಾಡೆಲ್‌ನಲ್ಲಿದ್ದೆವು. ಮೆಟ್ಟಿಲಿನ ಗೋಡೆ 150 ಮಿಲಿಮೀಟರ್ ಸರಿಸಬೇಕಿತ್ತು, ಒಂದು ನಿಮಿಷದ ಕೆಲಸ. ಕ್ಲಿಕ್ ಮಾಡಿದರೆ ಈ ಗೋಡೆ ಬೇರೊಬ್ಬರ ಹಿಡಿತದಲ್ಲಿದೆ ಅಂತ ಬಂತು. ಆ ಬೇರೊಬ್ಬ ಸಂಜೆ ಏಳಕ್ಕೇ ಹೊರಟಿದ್ದ. ಹೋಗುವಾಗ ಸಿಂಕ್ ಮಾಡಿರಲಿಲ್ಲ, ತನ್ನ ಹಿಡಿತ ಬಿಟ್ಟುಕೊಟ್ಟಿರಲಿಲ್ಲ. ರಾತ್ರಿ ರೈಲಿನಲ್ಲಿದ್ದ, ಫೋನ್ ಸ್ವಿಚ್ ಆಫ್. ಒಂದು ಗೋಡೆಯ ಮುಂದೆ ನಾವು ಐವರು ಹತ್ತೂವರೆಯಿಂದ ಹನ್ನೆರಡರವರೆಗೆ ಕೂತೆವು. ಕೊನೆಗೆ, ಈ ಮಾಡೆಲ್‌ಗಳನ್ನು ನೋಡಿಕೊಳ್ಳುವ ಬಿಐಎಂ ಮ್ಯಾನೇಜರ್ ಮಾಡಲೇಬೇಡಿ ಅಂತ ಹೇಳಿದ್ದ ಕೆಲಸ ಮಾಡಿದೆವು. ಅವನ ಯೂಸರ್‌ನೇಮ್ ಹಾಕಿಕೊಂಡು ಒಳಹೊಕ್ಕು ಅವನ ಪರವಾಗಿ ಬಿಟ್ಟುಕೊಟ್ಟೆವು. ಗೋಡೆ ಸರಿಯಿತು, ಸೆಟ್ ಹೋಯಿತು. ಅವನ ಮಷಿನ್‌ನಲ್ಲಿ ಉಳಿದಿದ್ದ ಮೂರು ಗಂಟೆಯ ಕೆಲಸವೂ ಹೋಯಿತು. ಸೋಮವಾರ ಅವನು ನಮ್ಮ ಯಾರ ಜೊತೆಗೂ ಮಾತಾಡಲಿಲ್ಲ. ಅವನದು ತಪ್ಪಾ? ಏಳಕ್ಕೆ ಮನೆಗೆ ಹೋಗುವುದೇ ಅಪರೂಪವಾದ ಕಡೆ, ಹೋಗುವಾಗ ಒಂದು ಬಟನ್ ಒತ್ತುವುದು ಮರೆತ, ಅಷ್ಟೇ.

ಒಬ್ಬ ಬಾಸ್ ಕೆಂಪು ಪೆನ್ನಲ್ಲಿ ಒಂದು ತಿದ್ದುತ್ತಾರೆ, ಇನ್ನೊಬ್ಬರು ಅದನ್ನೇ ಹಿಂದಕ್ಕೆ ತಿದ್ದಿಸುತ್ತಾರೆ.

ಕೆಂಪು ಪೆನ್ನಲ್ಲಿ ತಿದ್ದಿದ ಆ ರೆಡ್‌ಲೈನ್ ಕಾಗದ ಬಿಸಾಡಬೇಡಿ. ತಿದ್ದಿದವರಿಂದ ದಿನಾಂಕ, ಇನಿಷಿಯಲ್ ಹಾಕಿಸಿ. ನಗುತ್ತಾ ಕೇಳಿದರೆ ಹಾಕುತ್ತಾರೆ. ಎರಡನೆಯವರು ಬಂದಾಗ ಮೊದಲನೆಯವರ ಕಾಗದ ತೋರಿಸಿ 'ಸರ್, ನೀವಿಬ್ಬರೂ ಒಂದು ಸಲ ಮಾತಾಡಿಬಿಡಿ' ಅನ್ನಿ. ನಿಮ್ಮ ಕರ್ಸರ್ ಮೇಲೆ ಅವರ ಜಗಳ ನಡೆಯಬಾರದು.

ಸೈಟಿಗೆ ಕಳಿಸುವುದೇ ಇಲ್ಲ.

ಇದರಷ್ಟು ನಷ್ಟ ಇನ್ನಾವುದೂ ಇಲ್ಲ. ನೀವು ಬರೆದ ಡೀಟೇಲ್ ನೋಡಿ ಬಡಗಿ ಒಂದು ಪ್ರಶ್ನೆ ಕೇಳುತ್ತಾನೆ, ಆ ಒಂದು ಪ್ರಶ್ನೆ ಒಂದು ಸೆಮಿಸ್ಟರಿಗೆ ಸಮ. ಸ್ಕ್ರೂ ಹಾಕಲು ಕೈ ಎಲ್ಲಿ ತೂರಿಸಲಿ ಅಂತ ಒಬ್ಬ ನನ್ನನ್ನು ಕೇಳಿದ್ದ. ನನ್ನ ಡ್ರಾಯಿಂಗ್‌ನಲ್ಲಿ ಕೈಗೆ ಜಾಗ ಇರಲಿಲ್ಲ. ಆಫೀಸು ಕಳಿಸದಿದ್ದರೆ ರಜೆಯ ದಿನ ಸೈಟ್ ಎಂಜಿನಿಯರಿಗೆ ಹೇಳಿ, ಅನುಮತಿ ಪಡೆದು, ಹೆಲ್ಮೆಟ್ ಹಾಕಿಕೊಂಡು ಹೋಗಿ. ಹೀಗೆ ಸ್ವಂತ ರಜೆಯಲ್ಲಿ ಹೋಗಿ ಅನ್ನುವುದು ಮೇಲೆ ನಾನೇ ಬೈದದ್ದಕ್ಕೆ ವಿರುದ್ಧ ಅಂತ ಗೊತ್ತು. ಇದೊಂದಕ್ಕೆ ವಿನಾಯಿತಿ.

ಲೈಸೆನ್ಸ್‌ಗೆ ಬೇಕಾದ ಅನುಭವ ಇಲ್ಲಿ ಸಿಗುತ್ತಾ?

ದೇಶಕ್ಕೊಂದು ನಿಯಮ. ಭಾರತದಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಆರ್ಕಿಟೆಕ್ಟ್ ಅಂತ ಬರೆದುಕೊಳ್ಳಬಹುದು. ಅಮೆರಿಕದಲ್ಲಿ ಓದಿನ ಜೊತೆ 3,740 ಗಂಟೆಗಳ ದಾಖಲಾದ ಅನುಭವ ಬೇಕು. ಅದು ಆರು ಭಾಗಗಳಲ್ಲಿ ಹಂಚಿಹೋಗಿರಬೇಕು, ಆಮೇಲೆ ಆರು ಪರೀಕ್ಷೆ. ದೊಡ್ಡ ಫರ್ಮ್‌ನಲ್ಲಿ ಎಡವುವುದು ಇಲ್ಲೇ. ಒಂದೇ ಭಾಗದಲ್ಲಿ ಗಂಟೆಗಳು ರಾಶಿ ಬೀಳುತ್ತವೆ, ಸೈಟ್ ಮತ್ತು ಆಫೀಸು ನಡೆಸುವ ಭಾಗಗಳು ಖಾಲಿ ಉಳಿಯುತ್ತವೆ. ಆ ಖಾಲಿ ಕಾಲಂ ತೋರಿಸಿ ಕೆಲಸ ಬದಲಿಸಿ ಅಂತ ಕೇಳಿ. 'ಬೇಜಾರಾಗಿದೆ' ಅನ್ನುವುದಕ್ಕಿಂತ ಅದಕ್ಕೆ ತೂಕ ಜಾಸ್ತಿ.

ಈ ವರ್ಷ 'ಅಸೋಸಿಯೇಟ್' ಮಾಡಿದರು. ಸಂಬಳ ಏರಲಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಮುಂದಿನ ಪ್ರಶ್ನೆ.

ಇದ್ದಕ್ಕಿದ್ದಂತೆ 30 ಜನರನ್ನು ತೆಗೆದರು. ಮುನ್ಸೂಚನೆ ಇರುತ್ತಾ?

ಇರುತ್ತದೆ. ಕಟ್ಟಡಗಳು ಸಾಲದ ಮೇಲೆ ಏಳುತ್ತವೆ. ಬಡ್ಡಿ ಏರಿದರೆ ಅಥವಾ ಬ್ಯಾಂಕು ಕೈ ಬಿಗಿ ಮಾಡಿದರೆ ಮೊದಲು ನಿಲ್ಲುವುದು ಕಾಗದದ ಮೇಲಿರುವ ಕಟ್ಟಡ. ಅಂದರೆ ಮೇಸ್ತ್ರಿಗಿಂತ ಮೊದಲು ಆರ್ಕಿಟೆಕ್ಟ್ ಕೆಲಸ ಹೋಗುತ್ತದೆ. 2008ರಲ್ಲಿ ಪ್ರಪಂಚದಾದ್ಯಂತ ಇದೇ ಆಯಿತು.

ಆಫೀಸಿನಲ್ಲಿ ನೋಡಬೇಕಾದ್ದು: ದೊಡ್ಡ ಪ್ರಾಜೆಕ್ಟ್ 'ಹೋಲ್ಡ್'ಗೆ ಹೋಯಿತಾ? ಹಿರಿಯರು ಇದ್ದಕ್ಕಿದ್ದಂತೆ ತಾವೇ ಡ್ರಾಯಿಂಗ್ ಮಾಡಲು ಕೂತರಾ? ಟೈಮ್‌ಶೀಟ್‌ನಲ್ಲಿ ಯಾವ ಪ್ರಾಜೆಕ್ಟಿಗೂ ಸೇರದ 'ಜನರಲ್ ಆಫೀಸ್' ಅನ್ನುವ ಕೋಡಿಗೆ ನಿಮ್ಮ ಗಂಟೆಗಳು ಜಾಸ್ತಿ ಬೀಳುತ್ತಿವೆಯಾ? ಮೂರನೆಯದು ಕಂಡರೆ ಪೋರ್ಟ್‌ಫೋಲಿಯೋ ತೆರೆಯಿರಿ. ಪಟ್ಟಿ ಮಾಡುವವರು ಪ್ರತಿಭೆ ನೋಡುವುದಿಲ್ಲ, ಬಿಲ್ ಆಗುವ ಗಂಟೆ ನೋಡುತ್ತಾರೆ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಸ್ಕೆಚ್ ಮಾಡುತ್ತಿದ್ದವಳು ಮೊದಲ ಪಟ್ಟಿಯಲ್ಲೇ ಹೋದಳು. ಅವಳ ಪ್ರಾಜೆಕ್ಟ್ ಹೋಲ್ಡ್ ಆಗಿತ್ತು, ಅಷ್ಟೇ.

ಯೂನಿಯನ್ ಮಾಡಿದರೆ?

ನಾವು ವೃತ್ತಿಪರರು, ಕಾರ್ಮಿಕರಲ್ಲ ಅನ್ನುವ ಭ್ರಮೆ ಈಗ ಸ್ವಲ್ಪ ಬಿರುಕು ಬಿಟ್ಟಿದೆ. ಅಮೆರಿಕದಲ್ಲಿ 2013ರಲ್ಲಿ 'ಆರ್ಕಿಟೆಕ್ಚರ್ ಲಾಬಿ' ಅನ್ನುವ ಸಂಘಟನೆ ಶುರುವಾಯಿತು. ಬ್ರಿಟನ್ನಿನಲ್ಲಿ 2019ರಲ್ಲಿ ಒಂದು ಕಾರ್ಮಿಕ ಸಂಘದೊಳಗೆ ಆರ್ಕಿಟೆಕ್ಚರ್ ಕೆಲಸಗಾರರದ್ದೇ ವಿಭಾಗ ಹುಟ್ಟಿತು. 2021ರ ಕೊನೆಯಲ್ಲಿ ನ್ಯೂಯಾರ್ಕಿನ ಶಾಪ್ ಆರ್ಕಿಟೆಕ್ಟ್ಸ್‌ನ ನೌಕರರು ಯೂನಿಯನ್ ಬೇಕು ಅಂತ ಬಹಿರಂಗವಾಗಿ ಹೇಳಿದರು. ಕೆಲವೇ ವಾರಗಳಲ್ಲಿ, 2022ರ ಫೆಬ್ರವರಿಯಲ್ಲಿ, ಅರ್ಜಿ ಹಿಂತೆಗೆದರು. ಅದೇ ವರ್ಷ ಅದೇ ಊರಿನ ಬರ್ನ್‌ಹೈಮರ್ ಆರ್ಕಿಟೆಕ್ಚರ್ ಅನ್ನುವ ಸಣ್ಣ ಆಫೀಸಿನಲ್ಲಿ ಯೂನಿಯನ್ ಆಯಿತು. ಮಾಲೀಕರೇ ಒಪ್ಪಿ ಮಾನ್ಯತೆ ಕೊಟ್ಟರು.

ದೊಡ್ಡ ಕಡೆ ಬಿತ್ತು, ಸಣ್ಣ ಕಡೆ ಗೆದ್ದಿತು. ಇದು ಕಾಕತಾಳೀಯ ಅಲ್ಲ ಅಂತ ನನ್ನ ಅನಿಸಿಕೆ. ನಾನೂರು ಜನರಲ್ಲಿ ಯಾರನ್ನು ನಂಬಬೇಕು ಅಂತಲೇ ಗೊತ್ತಾಗುವುದಿಲ್ಲ. ಯೂನಿಯನ್ ದೂರದ ಮಾತಾದರೆ ಪಕ್ಕದ ಟೇಬಲ್ಲಿನವರ ಜೊತೆ ಸಂಬಳ ಎಷ್ಟು ಅಂತ ಮಾತಾಡಿ ಸಾಕು. ನಾವು ಆರು ಜನ ಒಮ್ಮೆ ಚೀಟಿಯಲ್ಲಿ ಬರೆದು ಮಡಚಿಟ್ಟು ಒಟ್ಟಿಗೆ ಬಿಚ್ಚಿದೆವು. ಒಂದೇ ವರ್ಷ ಸೇರಿದ ಇಬ್ಬರ ನಡುವೆ ಮೂರನೇ ಒಂದು ಪಾಲಿನಷ್ಟು ವ್ಯತ್ಯಾಸ ಇತ್ತು. ಕಡಿಮೆ ಇದ್ದದ್ದು ನನ್ನದು.

ಮೀಟಿಂಗ್‌ನಲ್ಲಿ ನೋಟ್ಸ್ ಬರೆಯೋದು ಯಾವಾಗಲೂ ನಾನೇ. ನಾನು ಹೆಣ್ಣು ಅಂತಲಾ?

ಬಹುಶಃ ಹೌದು. ಮೂರು ಮೀಟಿಂಗ್ ಎಣಿಸಿ ನೋಡಿ, ಆಮೇಲೆ 'ಈ ಸಲ ಅವರು ಬರೆಯಲಿ' ಅನ್ನಿ. 1979ರಲ್ಲಿ ಶುರುವಾದ ಪ್ರಿಟ್ಜ್‌ಕರ್ ಮೊದಲ ಸಲ ಒಬ್ಬ ಹೆಣ್ಣಿಗೆ ಸಿಕ್ಕಿದ್ದು 2004ರಲ್ಲಿ, ಜಹಾ ಹದೀದ್‌ಗೆ. ಪ್ರಶಸ್ತಿ ದೂರದ ಮಾತು. ಹೆರಿಗೆ ರಜೆ ಮುಗಿಸಿ ಬಂದವರಿಗೆ 'ನಿಮಗೆ ಹಗುರವಾಗಲಿ' ಅಂತ ಸಣ್ಣ ಇಂಟೀರಿಯರ್ ಕೆಲಸ ಕೊಟ್ಟು, ಮುಂದಿನ ಬಡ್ತಿಯಲ್ಲಿ 'ದೊಡ್ಡ ಪ್ರಾಜೆಕ್ಟ್ ಅನುಭವ ಸಾಲದು' ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಗುರ ಮಾಡಿ ಅಂತ ಅವಳು ಕೇಳಿರಲಿಲ್ಲ. ರಜೆಗೆ ಹೋಗುವ ಮೊದಲೇ ಬಂದ ಮೇಲೆ ಯಾವ ಪ್ರಾಜೆಕ್ಟ್ ಅಂತ ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಇಷ್ಟೆಲ್ಲ ಬೈಯುತ್ತೀರಿ. ಮತ್ತೆ ಒಂಬತ್ತು ವರ್ಷ ಯಾಕಿದ್ದಿರಿ?

ಒಳ್ಳೆಯ ಪ್ರಶ್ನೆ. ಸಂಬಳ ತಪ್ಪದೆ ಬರುತ್ತಿತ್ತು. ಅದನ್ನು ಕಡೆಗಣಿಸಬೇಡಿ, ಸಣ್ಣ ಆಫೀಸಿನಲ್ಲಿ ಕ್ಲೈಂಟ್ ದುಡ್ಡು ಕೊಡುವವರೆಗೆ ತಿಂಗಳು ಮುಗಿಯುವುದೇ ಇಲ್ಲ.

ಇನ್ನೊಂದು, ನಮ್ಮಲ್ಲೊಬ್ಬ ಹಿರಿಯರಿದ್ದರು. ಅರವತ್ತರ ಹತ್ತಿರ ವಯಸ್ಸು, ಯಾವ ಪ್ರಶಸ್ತಿಯ ಫೋಟೋದಲ್ಲೂ ಇಲ್ಲ. ಅವರ ಕೆಲಸ ನೀರು ಸೋರದ ಹಾಗೆ ನೋಡಿಕೊಳ್ಳುವುದು. ತಾರಸಿ, ಕಿಟಕಿ, ನೆಲಮಾಳಿಗೆ. ನೀವು ಸೆಕ್ಷನ್ (ಕಟ್ಟಡವನ್ನು ಸೀಳಿ ತೋರಿಸುವ ಡ್ರಾಯಿಂಗ್) ತೆಗೆದುಕೊಂಡು ಹೋದರೆ ಪೆನ್ಸಿಲ್ ತುದಿಯನ್ನು ಮಳೆಹನಿಯ ಹಾಗೆ ಕಾಗದದ ಮೇಲೆ ಜಾರಿಸುತ್ತಿದ್ದರು. 'ನಾನೀಗ ನೀರು. ಇಲ್ಲಿಂದ ಇಳಿದೆ, ಇಲ್ಲಿ ತಿರುಗಿದೆ, ಈಗ ಎಲ್ಲಿಗೆ ಹೋಗಲಿ ಹೇಳು.' ಪೆನ್ಸಿಲ್ ಕಟ್ಟಡದ ಒಳಕ್ಕೆ ಹೋದರೆ ನೀವು ಫೇಲ್. ಅಂಥ ಒಬ್ಬರನ್ನು ಪೂರ್ತಿ ಸಂಬಳ ಕೊಟ್ಟು ಇಟ್ಟುಕೊಳ್ಳುವ ಶಕ್ತಿ ದೊಡ್ಡ ಫರ್ಮ್‌ಗಳಿಗೆ ಮಾತ್ರ ಇರುತ್ತದೆ. ನನ್ನ ಈಗಿನ ಆಫೀಸಿನಲ್ಲಿ ಆ ಪೆನ್ಸಿಲ್ ನಾನೇ ಹಿಡಿಯುತ್ತೇನೆ, ಅವರಷ್ಟು ಚೆನ್ನಾಗಿ ಬರುವುದಿಲ್ಲ.

ಹಾಗಾದರೆ ಯಾವಾಗ ಬಿಡಬೇಕು?

ಸಿಟ್ಟು ಬಂದಾಗ ಬೇಡ. ಡೆಡ್‌ಲೈನ್ ಮರುದಿನವಂತೂ ಬೇಡವೇ ಬೇಡ, ಆ ದಿನ ಎಲ್ಲರೂ ಮನಸ್ಸಿನಲ್ಲಿ ರಾಜೀನಾಮೆ ಕೊಟ್ಟಿರುತ್ತಾರೆ. ಕಳೆದ ಆರು ತಿಂಗಳಲ್ಲಿ ಹೊಸದಾಗಿ ಏನು ಕಲಿತೆ ಅಂತ ಬರೆಯಲು ಕೂತುಕೊಳ್ಳಿ. ಎರಡು ಸಾಲು ಬಂದರೆ ಇರಿ. ಏನೂ ಬರದಿದ್ದರೆ, ಅಥವಾ ನಿದ್ದೆ, ಬೆನ್ನು, ಮನೆಯವರ ಮುಖ ಮೂರೂ ಒಟ್ಟಿಗೆ ಕೆಟ್ಟಿದ್ದರೆ ಹುಡುಕಲು ಶುರುಮಾಡಿ. ನಾನು ಬಿಟ್ಟಿದ್ದು ನಾಲ್ಕನೇ ಸಲ ಡೋರ್ ಶೆಡ್ಯೂಲ್ ಕೈಗೆ ಬಂದ ವಾರ. ತೆರೆದು ನೋಡಿದೆ, 530 ಬಾಗಿಲು. ಬಚ್ಚಲುಮನೆಯ ಬಾಗಿಲುಗಳು ಮತ್ತೆ ಒಳಕ್ಕೆ ತೆರೆಯುತ್ತಿದ್ದವು.

ಕೊನೆಯ ದಿನ ಏನು ಮಾಡಬೇಕು?

ಪೋರ್ಟ್‌ಫೋಲಿಯೋ ಅನುಮತಿಯ ಮೇಲ್ ಇದೆಯಾ ನೋಡಿಕೊಳ್ಳಿ. ಅನುಭವ ಪತ್ರದಲ್ಲಿ ಪ್ರಾಜೆಕ್ಟ್‌ಗಳ ಹೆಸರು ಬರೆಸಿಕೊಳ್ಳಿ. ಅನುಮತಿ ಇಲ್ಲದ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ತುಂಬಿಕೊಳ್ಳಬೇಡಿ. ನೀರಿನ ಪೆನ್ಸಿಲ್‌ನವರ ಥರದವರು ನಿಮ್ಮಲ್ಲೂ ಒಬ್ಬರಿರುತ್ತಾರೆ, ಅವರ ಟೇಬಲ್ಲಿಗೆ ಹೋಗಿ ಹೇಳಿಬನ್ನಿ. ಆಮೇಲೆ ಮಾಡೆಲ್ ಸಿಂಕ್ ಮಾಡಿ, ನಿಮ್ಮ ಹಿಡಿತದಲ್ಲಿರುವುದನ್ನೆಲ್ಲ ಬಿಟ್ಟುಕೊಟ್ಟು ಹೊರಡಿ. ಇಲ್ಲದಿದ್ದರೆ ರಾತ್ರಿ ಹತ್ತೂವರೆಗೆ ಫೋನ್ ಬರುತ್ತದೆ.